‘ತೊಳೆದಿದೆ’ ಎಂಬ ಮುದ್ರೆ

ಟ್ಯಾಂಕರಿನ ಅಡಿಯ ವಾಲ್ವ್ ತಿರುಗಿಸಿದೆ. ಬಕೆಟ್ಟಿಗೆ ಮೊದಲು ಒಂದಷ್ಟು ನೀರು ಸುರಿಯಿತು. ಅದರ ಹಿಂದೆಯೇ ಅರ್ಧ ಬಕೆಟ್ಟಿನಷ್ಟು ಹಳದಿ ಕೆಸರು ಬಿತ್ತು.

“ಏನ್ ಮೇಡಂ ಅದು?” ಎಂದು ಮ್ಯಾನೇಜರ್ ಹತ್ತು ಹೆಜ್ಜೆ ಆಚೆಯಿಂದಲೇ ಕೇಳಿದ. ಅವನ ಬೂಟು ಹೊಸದು.

“ಗಂಧಕ.” ನಾನು ಮಾಸ್ಕ್ ಕೆಳಗಿಳಿಸಿದೆ. “ಹಿಂದಿನ ಟ್ರಿಪ್ಪಲ್ಲಿ ಇದರಲ್ಲಿ ಚರ್ಮದ ಕಾರ್ಖಾನೆಗೆ ಸಲ್ಫೈಡ್ ಹೋಗಿತ್ತು. ಸಲ್ಫೈಡ್ ಮೇಲೆ ಆ್ಯಸಿಡ್ ಬಿದ್ರೆ ವಿಷದ ಗಾಳಿ ಮೇಲಕ್ಕೆ ಏಳತ್ತೆ, ಗಂಧಕ ಅಡಿಗೆ ಕೂರತ್ತೆ. ಇಷ್ಟು ಕೂತಿದೆ ಅಂದ್ರೆ ಟ್ಯಾಂಕರ್ ಸರಿಯಾಗಿ ತೊಳೆದೇ ಇಲ್ಲ.”

“ತೊಳೆದಿದೆ ಮೇಡಂ. ಚೀಟಿ ಇದೆ. ಮುದ್ರೆನೂ ಇದೆ.”

ಮೂರು ದಿನದ ಹಿಂದೆ ಇದೇ ಟ್ಯಾಂಕರಿನ ಮೇಲೆ ನಿಂತು ಆ್ಯಸಿಡ್ ತುಂಬಿಸುತ್ತಿದ್ದ ಡ್ರೈವರ್, ತೆರೆದ ಮುಚ್ಚಳದಿಂದ ಎದ್ದ ಗಾಳಿಯನ್ನು ಎರಡು ಉಸಿರು ಎಳೆದುಕೊಂಡು, ಕೆಳಗಿನ ಕಾಂಕ್ರೀಟಿನ ಮೇಲೆ ಬಿದ್ದು ಸತ್ತ. ಟ್ಯಾಂಕರ್ ತೊಳೆದಿದೆ ಎಂದು ಮುದ್ರೆ ಒತ್ತಿದವನು ಅವನ ಹೆಂಡತಿಯ ಅಪ್ಪ. ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬಂದು ಆ ಮುದುಕನನ್ನು ಹಿಡಿದುಕೊಂಡು ಹೋಗುವವನಿದ್ದ. ನನ್ನ ಗಡಿಯಾರದಲ್ಲಿ ಆಗಲೇ ಮೂರು ದಾಟಿತ್ತು.

ನನ್ನನ್ನು ಕರೆಸಿದವಳು ಮಗಳು. ಗಂಡ ಸತ್ತ ಮರುದಿನವೇ ನನ್ನ ಕಚೇರಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಳಲಿಲ್ಲ. “ಅವರಂತೂ ಹೋದ್ರು. ಅಪ್ಪನೂ ಜೈಲಿಗೆ ಹೋದ್ರೆ ನನಗೆ ಅಂತ ಯಾರೂ ಇಲ್ಲ ಮೇಡಂ. ಏನಾಯ್ತು ಅನ್ನೋದು ಹೊರಗೆ ಬರ್ಲಿ” ಎಂದಳು. ನಾನು ಹದಿನಾರು ವರ್ಷ ಹೆದ್ದಾರಿಯಲ್ಲಿ ಇಂಥ ಟ್ಯಾಂಕರ್‌ಗಳನ್ನು ತಡೆದು ತಪಾಸಣೆ ಮಾಡಿದವಳು. ಈಗ ಕೆಲಸ ಬಿಟ್ಟು ಸ್ವಂತಕ್ಕೆ ಪತ್ತೇದಾರಿ ಮಾಡುತ್ತೇನೆ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದೇ ನನ್ನ ಕಸುಬು. ಒಳ್ಳೆಯ ಹೆಂಗಸು ಅನ್ನಿಸಿಕೊಳ್ಳುವ ಆಸೆಯನ್ನು ಯಾವತ್ತೋ ಬಿಟ್ಟಿದ್ದೇನೆ.

ಅಂಗಳದಲ್ಲಿ ಎಲ್ಲರೂ ಆ ಮುದುಕನನ್ನು ಮಾವ ಅಂತಲೇ ಕರೆಯುತ್ತಿದ್ದರು, ಸತ್ತ ಡ್ರೈವರನ್ನು ಅಳಿಯ ಅಂತ. ಮಗಳು ಎಲ್ಲರ ಬಾಯಲ್ಲಿ ಬೋರ್ಡಕ್ಕ. ಯಾವ ಟ್ಯಾಂಕರಿನಲ್ಲಿ ಯಾವ ಸರಕು ಹೊರಡುತ್ತದೋ ಅದರ ಅಪಾಯದ ಬೋರ್ಡನ್ನು ಟ್ಯಾಂಕರಿನ ನಾಲ್ಕೂ ಕಡೆ ಸಿಕ್ಕಿಸುವುದು, ಅಪಘಾತವಾದರೆ ಏನು ಮಾಡಬೇಕು ಎಂಬ ತುರ್ತು ಕಾರ್ಡನ್ನು ಬರೆದು ಡ್ರೈವರಿನ ಸೀಟಿನ ಮುಂದೆ ಇಡುವುದು ಅವಳ ಕೆಲಸ.

ಕಾಗದದ ವಿಷಯದಲ್ಲಿ ಮ್ಯಾನೇಜರ್ ಸಿಕ್ಕಿಬೀಳುವ ಆಸಾಮಿಯಲ್ಲ. ಪರವಾನಗಿ ಇತ್ತು. ಡ್ರೈವರಿನ ತರಬೇತಿ ಪತ್ರ ಇತ್ತು. ಮಾಸ್ಕು, ರಬ್ಬರಿನ ಕೈಗವಸು, ಬೆಂಕಿ ಆರಿಸುವ ಸಿಲಿಂಡರು, ಕಣ್ಣು ತೊಳೆಯುವ ಬಾಟಲಿ ಎಲ್ಲಕ್ಕೂ ರಸೀದಿ ಇತ್ತು. ಅವನ ಫೈಲು ಓದಿದವರಿಗೆ, ಭೂಮಿಯ ಮೇಲೆ ಈ ಟ್ಯಾಂಕರಿಗಿಂತ ಸುರಕ್ಷಿತವಾದ ಜಾಗ ಇನ್ನೊಂದಿಲ್ಲ, ಮಕ್ಕಳನ್ನು ಇದರಲ್ಲೇ ಮಲಗಿಸಬಹುದು ಅನ್ನಿಸಬೇಕು.

“ಗಾಳಿ ಪರೀಕ್ಷೆ ಮಾಡೋ ಮೀಟರ್ ಎಲ್ರೀ?”

ಬೀರು ತೆಗೆದು ತೋರಿಸಿದ. ಮೀಟರ್ ಡಬ್ಬಿಯಲ್ಲಿತ್ತು. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಅಂಗಡಿಯಿಂದ ತಂದ ಹಾಗೇ ಇತ್ತು.

“ಬಿಚ್ಚೇ ಇಲ್ವಲ್ರೀ ಇದನ್ನ.”

“ಮಾವನ ಮೂಗಿದೆಯಲ್ಲ ಮೇಡಂ!” ಅವನು ಹಲ್ಲು ಕಿರಿದ. “ಮೂವತ್ತು ವರ್ಷದ ಮೂಗು ಅದು. ಮುಚ್ಚಳ ತೆಗೆದು ಒಂದ್ ಸಲ ಮೂಸಿದ್ರೆ ಸಾಕು, ಒಳಗೆ ಏನಿತ್ತು, ಎಷ್ಟು ಉಳಿದಿದೆ ಎಲ್ಲ ಹೇಳಿಬಿಡ್ತಾರೆ. ಮೀಟರ್‌ಗಾದ್ರೆ ಬ್ಯಾಟರಿ ಹಾಕ್ಬೇಕು.”

ನನಗೆ ಮೈ ಉರಿದುಹೋಯಿತು. ಮೀಟರ್ ಇರಬೇಕು ಅಂತ ನಿಯಮ ಮಾಡಿದವರಿಗೆ, ಅದನ್ನು ಡಬ್ಬಿಯಿಂದ ಹೊರಗೆ ತೆಗೆಯಬೇಕು ಅಂತಲೂ ಬರೆಯಬೇಕಾಗುತ್ತದೆ ಎಂದು ತೋಚಿರಲಿಕ್ಕಿಲ್ಲ.

“ಒಟ್ಟಿನಲ್ಲಿ ಇದು ಮಾವನ ತಪ್ಪು. ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ” ಎಂದ ಮ್ಯಾನೇಜರ್. ಆ ಅಂಗಳದಲ್ಲಿ ಚೆನ್ನಾಗಿ ತೊಳೆದದ್ದು ಅಂತ ಏನಾದರೂ ಇದ್ದರೆ ಅದು ಅವನ ಕೈ ಒಂದೇ.

ನಾನು ಟ್ಯಾಂಕರಿನ ಸುತ್ತ ಒಂದು ಸುತ್ತು ಬಂದೆ. ನಾಲ್ಕೂ ಕಡೆ ಆ್ಯಸಿಡ್ಡಿನ ಬೋರ್ಡು ಇತ್ತು, ಒಂದೂ ಅಲುಗಾಡುತ್ತಿರಲಿಲ್ಲ. ಕ್ಯಾಬಿನ್ ಹತ್ತಿ ತುರ್ತು ಕಾರ್ಡನ್ನು ತೆಗೆದುಕೊಂಡೆ. ಗುಂಡು ಗುಂಡು ಅಕ್ಷರ, ತಲೆಯ ಮೇಲೆ ತಾರೀಖು. ಅದನ್ನು ಎರಡು ಸಲ ಓದಿ ಚೀಲದಲ್ಲಿಟ್ಟುಕೊಂಡೆ.

ತೊಳೆಯುವ ಶೆಡ್ಡಿಗೆ ಅಂಟಿಕೊಂಡಂತೆ ಮಾವನ ಕೋಣೆ. ಒಂದು ಮೇಜು, ಎರಡು ಸ್ಟೂಲು, ಮೊಳೆಗೆ ನೇತುಹಾಕಿದ ಮುದ್ರೆ. ಒಳಗೆ ಕಾಲಿಟ್ಟ ಕೂಡಲೇ ನಾನು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ಹಾಲು ಒಡೆದು, ಕೊಳೆತು, ಮೇಲೆ ಹಸಿರು ಬೂಷ್ಟು ಹಿಡಿದು ಕೂತಿತ್ತು. ಅದರಿಂದ ಒಂದು ಮೊಳ ದೂರದಲ್ಲಿ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಆರಾಮವಾಗಿ ಕೂತಿದ್ದ. ಬಾಗಿಲಲ್ಲಿ ಬೋರ್ಡಕ್ಕ ನಿಂತಿದ್ದಳು.

ನಾನು ಆ ಹಾಲನ್ನು ನೋಡಿದೆ. ಮಾವನನ್ನು ನೋಡಿದೆ. ಹೊರಗೆ ಹೋಗಿ ಒಂದು ಸ್ಟೀಲ್ ಲೋಟ ತುಂಬಿಸಿಕೊಂಡು ಬಂದೆ.

“ಧಗೆ ಜಾಸ್ತಿ ಮಾವ. ತಗೊಳಿ, ಮೊದಲು ನೀರು ಕುಡೀರಿ.”

“ಒಳ್ಳೇದಾಗ್ಲಿ ತಾಯಿ. ಮೂರು ದಿನದಿಂದ ಒಬ್ಬರೂ ನೀರು ಬೇಕಾ ಅಂತ ಕೇಳಿಲ್ಲ.”

ಅವನು ಲೋಟ ಎತ್ತಿ ತುಟಿಗೆ ತಂದ. ನಾನು ಸುಮ್ಮನೆ ನೋಡುತ್ತಿದ್ದೆ. ತುಟಿಗೆ ತಾಗಿತು. ನನ್ನ ಕೈ ಅವನ ಮಣಿಕಟ್ಟಿಗೆ ಹೋಗುವುದಕ್ಕೂ ಮಗಳು ಕಿರುಚುವುದಕ್ಕೂ ಸರಿಹೋಯಿತು.

“ಅಪ್ಪಾ! ಸೀಮೆಎಣ್ಣೆ ಅದು!”

ಮಾವ ಲೋಟದೊಳಗೆ ನೋಡಿದ. ನೀರಿನ ಹಾಗೇ ತಿಳಿಯಾಗಿತ್ತು. ಬಗ್ಗಿ ಮೂಸಿದ. ಇನ್ನಷ್ಟು ಬಗ್ಗಿ, ಮೂಗು ಲೋಟದೊಳಗೇ ಹೋಗುವಂತೆ ಇನ್ನೊಮ್ಮೆ ಮೂಸಿದ. ಆಮೇಲೆ ನನ್ನ ಮುಖ ನೋಡಿ, “ಗೊತ್ತಿತ್ತು, ನಿಮ್ಮ ತಮಾಷೆಗೆ ನಾನೂ ಒಂದು ತಮಾಷೆ ಮಾಡಿದೆ” ಎಂದು ನಗಲು ನೋಡಿದ. ಅವನ ತುಟಿ ಸೀಮೆಎಣ್ಣೆಯಿಂದ ಹೊಳೆಯುತ್ತಿತ್ತು. ನನಗೆ ನಾಚಿಕೆಯಾಯಿತು. ಆದರೆ ನಿಲ್ಲಿಸಲಿಲ್ಲ.

“ಆ ಹಾಲು ಯಾವತ್ತಿನದು ಮಾವ?”

“ಬೆಳಿಗ್ಗೆದು.”

“ಯಾವ ಬೆಳಿಗ್ಗೆದು? ಹೊರಗೆ ಶೆಡ್ಡಿನ ತನಕ ನಾರ್ತಾ ಇದೆ. ನಿಮಗೆ ಮಾತ್ರ ಗೊತ್ತಾಗ್ತಿಲ್ಲ. ನಿಮ್ಮ ಮೂಗು ಸತ್ತು ಎಷ್ಟು ದಿನ ಆಯ್ತು?”

ಅವನು ಲೋಟವನ್ನು ಮೇಜಿನ ಮೇಲಿಟ್ಟ. ಮೂವತ್ತು ವರ್ಷ ಎಂಥೆಂಥದೋ ಗಾಳಿ ಕುಡಿದ ಮೂಗು ಅದು, ಸತ್ತದ್ದರಲ್ಲಿ ಆಶ್ಚರ್ಯವಿಲ್ಲ. ಇಡೀ ಅಂಗಳ ಆ ಮೂಗನ್ನು ನಂಬಿಕೊಂಡು ಕೂತಿತ್ತು ಅನ್ನುವುದೇ ಆಶ್ಚರ್ಯ.

“ಕೇಳ್ತಿರೋದು ನಿಮ್ಮನ್ನೇ.”

“ಆರು ತಿಂಗಳು” ಎಂದ, ಗೋಡೆಯ ಕಡೆ ತಿರುಗಿ.

ಅಷ್ಟರಲ್ಲಿ ಮ್ಯಾನೇಜರ್ ಮಗಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದ. ಕಿಟಕಿಯ ಹೊರಗೇ ಕಿವಿಯಾನಿಸಿ ನಿಂತಿದ್ದ ಅಂತ ಕಾಣುತ್ತದೆ.

“ಆರು ತಿಂಗಳಾ? ಆರು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ಯಾ ಮುದುಕ? ನಿನ್ನೆ ತನಕ ಮಾವ ಮಾವ ಅಂತ ತಲೆ ಮೇಲೆ ಕೂರಿಸಿಕೊಂಡಿದ್ದಕ್ಕೆ ಇದಾ ನೀನು ಮಾಡೋದು? ಪೊಲೀಸರು ಬಿಟ್ರೂ ನಾನು ಬಿಡಲ್ಲ. ಈ ಗೇಟಿನೊಳಗೆ ಇನ್ನು ನಿನ್ನ ಮುಖ ಕಾಣಿಸಬಾರದು!” ಮೊಳೆಯಿಂದ ಮುದ್ರೆಯನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ.

ಮಾವ ಎದ್ದು ನಿಂತ. ಬರಿದಾದ ಮೊಳೆಯನ್ನೇ ನೋಡಿದ. ಅಳಿಯ ಸತ್ತ ಸುದ್ದಿಯನ್ನು ಕೇಳಿದಾಗಲೂ ಅವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಎಂದು ಅಂಗಳದವರು ನನಗೆ ಹೇಳಿದ್ದರು. ಈಗ ಬಂತು.

“ಮುದ್ರೆ ಮೇಜಿನ ಮೇಲಿಡ್ರಿ” ಎಂದೆ ಮ್ಯಾನೇಜರಿಗೆ. “ಅದು ಸಾಕ್ಷಿ. ಬಿಚ್ಚದೇ ಇರೋ ಮೀಟರ್ ಕೂಡ ಸಾಕ್ಷಿ. ಹೊರಗೆ ಹೋಗಿ ಅದಕ್ಕೆ ಬ್ಯಾಟರಿ ಹುಡುಕ್ತಾ ಇರಿ.”

ಅವನ ಮುಖ ಕಪ್ಪಿಟ್ಟಿತು. ಮುದ್ರೆ ಇಟ್ಟು ಹೊರಟ. ನಾನು ಬಾಗಿಲು ಮುಚ್ಚಿ ಮಗಳನ್ನು ಒಳಗೆ ಕೂರಿಸಿದೆ. ಗಂಟೆ ಮೂರೂವರೆ.

“ಮಾವ, ಒಂದು ಲೆಕ್ಕ ನನಗೆ ಹತ್ತುತ್ತಿಲ್ಲ. ಆರು ತಿಂಗಳಿಂದ ನಿಮಗೆ ವಾಸನೆ ಇಲ್ಲ. ಆದ್ರೂ ದಿನಕ್ಕೆ ಐದಾರು ಟ್ಯಾಂಕರಿಗೆ ಮುದ್ರೆ ಒತ್ತಿದ್ದೀರಿ. ಯಾರೂ ಸಾಯಲಿಲ್ಲ. ಹೇಗೆ?”

ಮುದುಕ ತುಟಿ ಒರೆಸಿಕೊಂಡ. ಸುಳ್ಳು ಹೇಳಲು ಇನ್ನು ಅವನಲ್ಲಿ ಏನೂ ಉಳಿದಿರಲಿಲ್ಲ ಎಂದು ನಾನು ತಿಳಿದುಕೊಂಡೆ. ಅದು ನನ್ನ ತಪ್ಪು.

“ಅಳಿಯ ಮೂಸ್ತಿದ್ದ” ಎಂದ. “ಮೊದಲನೇ ವಾರದಲ್ಲೇ ಅವನಿಗೆ ಗೊತ್ತಾಯ್ತು. ನನಗೆ ಮೊಣಕಾಲು ನೋವು ಅಂತ ಎಲ್ಲರಿಗೂ ಹೇಳಿದ್ವಿ. ಮುಚ್ಚಳ ಹಾಕೋ ನೆಪದಲ್ಲಿ ಅವನು ಮೇಲೆ ಹತ್ತೋನು, ಮೂಸೋನು. ಸ್ಪ್ಯಾನರಿಂದ ಟ್ಯಾಂಕರಿಗೆ ಒಂದು ಸಲ ತಟ್ಟಿದ್ರೆ ವಾಸನೆ ಇಲ್ಲ ಅಂತ. ಎರಡು ಸಲ ತಟ್ಟಿದ್ರೆ ಇನ್ನೂ ಇದೆ, ಮತ್ತೆ ತೊಳೀಬೇಕು ಅಂತ. ನಾನು ಕೆಳಗೆ ಮುದ್ರೆ ಹಿಡ್ಕೊಂಡು ನಿಂತಿರ್ತಿದ್ದೆ.”

“ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?”

“ಸುತ್ತ ಹತ್ತು ಜನ ಇರ್ತಾರಲ್ಲ ತಾಯಿ. ಮಾವನಿಗೆ ಅಳಿಯ ಹೇಳಿಕೊಡ್ತಾನೆ ಅಂತ ಆಗಬಾರದಲ್ಲ.”

ಮರ್ಯಾದೆ! ವಿಷ ಹೊತ್ತ ಇಪ್ಪತ್ತು ಟನ್ನಿನ ಟ್ಯಾಂಕರುಗಳು ಊರಿನ ನಡುವೆ, ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ ಹಾದುಹೋಗುತ್ತಿದ್ದದ್ದು ಒಬ್ಬ ಮುದುಕನ ಮರ್ಯಾದೆ ಉಳಿಸುವ ಈ ಸ್ಪ್ಯಾನರಿನ ತಾಳದ ಮೇಲೆ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

“ಅವತ್ತು?”

“ಅವತ್ತೂ ತಟ್ಟಿದ. ಒಂದೇ ಸಲ. ಅದಕ್ಕೇ ಮುದ್ರೆ ಒತ್ತಿದೆ. ತಪ್ಪು ಮಾಡಿದೋನು ಅವನೇ, ಸತ್ತೋನೂ ಅವನೇ. ಸತ್ತೋರ ಮೇಲೆ ಹಾಕಬಾರದು ಅಂತ ಬಾಯಿ ಮುಚ್ಕೊಂಡಿದ್ದೆ.”

ಮಗಳ ಕಡೆ ನೋಡಿದೆ. ಅವಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸಿರಲಿಲ್ಲ.

ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ.

“ಇದು ಡ್ರೈವರ್‌ಗಳ ತರಬೇತಿ ತರಗತಿಯ ಹಾಜರಿ. ಅಪಾಯದ ಸರಕು ಸಾಗಿಸೋರು ಆಗಾಗ ಹೋಗಲೇಬೇಕಲ್ಲ, ಅದು. ಅವತ್ತು ಬೆಳಿಗ್ಗೆ ಎಂಟಕ್ಕೆ ನಿಮ್ಮ ಅಳಿಯ ಸಹಿ ಹಾಕಿದ್ದಾನೆ. ಹತ್ತೂವರೆಗೆ ಹೊರಗೆ ಬಂದಾಗ ಇನ್ನೊಂದು ಸಹಿ. ಮಧ್ಯೆ ಎಲ್ಲರ ಫೋಟೋ ತೆಗೆದಿದ್ದಾರೆ, ಮೊದಲ ಸಾಲಲ್ಲೇ ಕೂತಿದ್ದಾನೆ. ನಿಮ್ಮ ಚೀಟಿಯಲ್ಲಿ ಗಂಟೆ ಎಷ್ಟು?”

ಮಾವ ಓದಲಿಲ್ಲ. ಓದುವ ಅಗತ್ಯವಿರಲಿಲ್ಲ.

“ಒಂಬತ್ತು ಹತ್ತು” ಎಂದು ನಾನೇ ಹೇಳಿದೆ. “ಅಳಿಯ ಮೂರು ಮೈಲಿ ದೂರದಲ್ಲಿ ಕೂತು ಪಾಠ ಕೇಳ್ತಿದ್ದಾಗ ನಿಮ್ಮ ಟ್ಯಾಂಕರಿನ ಮೇಲೆ ನಿಂತು ತಟ್ಟಿದ್ದು ಯಾರು?”

ಅವನು ತಲೆ ತಗ್ಗಿಸಿ ಕೂತ. ಮಗಳ ಕಡೆ ನೋಡದಿರಲು ಅವನು ಪಟ್ಟ ಕಷ್ಟವೇ ನನಗೆ ಉತ್ತರ ಕೊಟ್ಟಿತು.

“ನನಗೆ ನೆನಪಿಲ್ಲ” ಎಂದ. “ಯಾರೂ ತಟ್ಟಲಿಲ್ಲ. ನಾನೇ ಸುಮ್ಮನೆ ಒತ್ತಿದೆ. ಬರ್ಕೊಳಿ. ಎಲ್ಲ ನಾನೇ ಮಾಡಿದ್ದು.”

“ಅಳಿಯ ರಸ್ತೆ ಮೇಲಿದ್ದ ದಿನಗಳಲ್ಲಿ ಯಾರು ಹತ್ತುತ್ತಿದ್ರು?”

“ಯಾರೂ ಇಲ್ಲ ಅಂದ್ನಲ್ಲ!”

ನಾನು ಮಗಳ ಕಡೆ ತಿರುಗಿದೆ. “ಬೋರ್ಡಕ್ಕ, ಅವತ್ತು ಜ್ವರ ಬಂದು ಮನೇಲೇ ಮಲಗಿದ್ದೆ ಅಂತ ಪೊಲೀಸರ ಮುಂದೆ ಹೇಳಿದ್ದೀಯ. ನನ್ನ ಮುಂದೆಯೂ ಹೇಳಿದ್ದೀಯ.”

“ಹೌದು.”

ತುರ್ತು ಕಾರ್ಡನ್ನು ಅವಳ ಮುಂದಿಟ್ಟೆ. “ಇದು ಟ್ಯಾಂಕರಿನಲ್ಲಿ ಸಿಕ್ಕಿತು. ಆ್ಯಸಿಡ್ಡಿನ ಕಾರ್ಡು. ಅವತ್ತಿನ ತಾರೀಖು. ಜ್ವರ ಬಂದಾಗಲೂ ನಿನ್ನ ಅಕ್ಷರ ಇಷ್ಟು ಮುದ್ದಾಗಿರತ್ತಾ?”

ಅವಳು ಕಾರ್ಡನ್ನು ಕೈಗೆತ್ತಿಕೊಂಡು, ಗಂಡನಿಗಾಗಿ ತಾನೇ ಬರೆದಿದ್ದನ್ನು ಓದಿದಳು. ‘ಗಾಳಿ ಬಂದ ಕಡೆಗೆ ಮುಖ ಮಾಡಿ ದೂರ ಹೋಗಿ. ಬಿದ್ದವರನ್ನು ಎತ್ತಲು ಮಾಸ್ಕ್ ಇಲ್ಲದೆ ಹೋಗಬೇಡಿ.’ ಆಮೇಲೆ ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

“ನಾನೇ ಮೇಡಂ. ಅವರು ಇಲ್ಲದ ದಿನ ಯಾವಾಗಲೂ ನಾನೇ ಹತ್ತುತ್ತಿದ್ದೆ. ಬೋರ್ಡು ಹಾಕೋಳು ಅಲ್ವಾ, ಏಣಿ ಹತ್ತಿದ್ರೆ ಯಾರೂ ಕೇಳಲ್ಲ. ಅವತ್ತು ಡ್ರೈವರ್‌ಗಳೆಲ್ಲ ತರಗತಿಗೆ ಹೋಗಿದ್ರು, ಶೆಡ್ಡಲ್ಲಿ ಅಪ್ಪ, ನಾನು ಇಬ್ಬರೇ. ಅವತ್ತೂ ನಾನೇ ಹತ್ತಿದೆ, ಮೂಸಿದೆ. ತಟ್ಟಿದ್ದೂ ನಾನೇ.”

“ಸುಮ್ನಿರು!” ಮಾವ ಅಬ್ಬರಿಸಿದ. “ಬಾಯಿಗೆ ಬಂದದ್ದು ಹೇಳ್ಬೇಡ!”

“ಆದ್ರೆ ಒಂದು ಸಲ ಅಲ್ಲ” ಎಂದಳು ಮಗಳು. “ಎರಡು ಸಲ.”

ಮಾವ ಸರಕ್ಕನೆ ಅವಳ ಕಡೆ ತಿರುಗಿದ.

“ಕೊಳೆತ ಮೊಟ್ಟೆ ವಾಸನೆ ಮೂಗಿಗೆ ರಪ್ ಅಂತ ಹೊಡೀತು. ಎರಡು ಸಲ ತಟ್ಟಿದೆ ಅಪ್ಪ. ಜೋರಾಗೇ ತಟ್ಟಿದೆ. ನೀನು ತಲೆ ಎತ್ತಿ ನೋಡಿ ಕೈ ಅಲ್ಲಾಡಿಸಿದೆ. ಮತ್ತೆ ತೊಳೆಸ್ತೀಯ ಅಂದ್ಕೊಂಡು ಇಳಿದು ಹೋದೆ.”

“ಒಂದೇ ಸಲ” ಎಂದ ಮಾವ.

“ಎರಡು.”

“ಒಂದೇ ಕಣೇ!”

“ಹಿಂದಿನ ಸಾಯಂಕಾಲ ಊಟಕ್ಕೆ ಕೂತಾಗ ಅವರು ಏನಂದ್ರು ಅಂತ ಮೇಡಂಗೆ ಹೇಳು. ನೀನು ಹೇಳಲ್ಲ, ನಾನೇ ಹೇಳ್ತೀನಿ.” ಅವಳ ದನಿ ನಡುಗಲಿಲ್ಲ. “‘ಈ ಆಟ ಸಾಕು ಮಾವ, ಯಾರಾದ್ರೂ ಸಾಯ್ತಾರೆ. ನಾಳೆ ಸಂಜೆ ಮ್ಯಾನೇಜರಿಗೆ ನಿಮ್ಮ ಮೂಗಿನ ವಿಷಯ ಹೇಳ್ತೀನಿ, ಮೀಟರನ್ನ ಡಬ್ಬಿಯಿಂದ ಹೊರಗೆ ತೆಗೆಸ್ತೀನಿ’ ಅಂದ್ರು. ನೀನು ಊಟ ಬಿಟ್ಟು ಎದ್ದು ಹೋದೆ. ಆ ನಾಳೆಯ ಸಂಜೆ ನೋಡೋಕೆ ಅವರು ಉಳೀಲಿಲ್ಲ.”

ಎರಡು ದಿನ ಈ ಹೆಂಗಸು ನನ್ನ ಪಕ್ಕದಲ್ಲಿ ನಡೆದಿದ್ದಾಳೆ, ನನ್ನ ಚೀಲ ಹೊತ್ತಿದ್ದಾಳೆ, ಅಪ್ಪನನ್ನು ಉಳಿಸಿ ಅಂದಿದ್ದಾಳೆ. “ಇದನ್ನ ಮೊದಲ ದಿನವೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನನ್ನ ಮಾತು, ಅಪ್ಪನ ಮಾತು. ಯಾರು ನಂಬ್ತಿದ್ರು? ಒಂದೇ ಸಲ ತಟ್ಟಿದ್ದು ಅನ್ನೋ ಸುಳ್ಳು ಅಪ್ಪನ ಬಾಯಿಂದಲೇ ಬರ್ಬೇಕಿತ್ತು, ಬೇರೆಯೋರ ಮುಂದೆ. ನಿಮ್ಮನ್ನ ಕರೆಸಿದ್ದು ಅದಕ್ಕೇ.”

“ಅಪ್ಪ ಜೈಲಿಗೆ ಹೋದ್ರೆ ನನಗೆ ಯಾರೂ ಇಲ್ಲ ಅಂದಿದ್ಯಲ್ಲ.”

“ಅದು ನಿಜಾನೇ ಮೇಡಂ” ಎಂದಳು. ಆಗ ಮೊದಲ ಸಲ ಅವಳ ಮುಖ ಒಡೆಯಿತು.

ನಾನು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಬಿಟ್ಟಿದ್ದರೆ ನಾನು ಪತ್ತೇದಾರಿ ಮಾಡುವುದಕ್ಕಿಂತ ತರಕಾರಿ ಮಾರುವುದು ಲೇಸು.

“ಎರಡು ಸಲ ತಟ್ಟಿದೆ ಅಂತೀಯ. ಒಳಗೆ ವಿಷ ಇದೆ ಅಂತ ನಿನಗೆ ಗೊತ್ತು. ಆದ್ರೂ ಅದೇ ಟ್ಯಾಂಕರಿಗೆ ಆ್ಯಸಿಡ್ಡಿನ ಬೋರ್ಡು ಸಿಕ್ಕಿಸಿದೆ. ಕಾರ್ಡು ಬರೆದಿಟ್ಟೆ. ಹನ್ನೊಂದು ಗಂಟೆಗೆ ಗಂಡ ಅದೇ ಟ್ಯಾಂಕರ್ ಹತ್ತಿದ. ಅವನಿಗೆ ಯಾಕೆ ಒಂದು ಮಾತು ಹೇಳಲಿಲ್ಲ?”

“ಎರಡು ತಟ್ಟಿದ ಮೇಲೆ ಅಪ್ಪ ಮತ್ತೆ ತೊಳೆಸದೆ ಯಾವತ್ತೂ ಮುದ್ರೆ ಒತ್ತಿಲ್ಲ ಮೇಡಂ. ಆರು ತಿಂಗಳಲ್ಲಿ ಒಂದು ದಿನವೂ ಇಲ್ಲ. ಅರ್ಧ ಗಂಟೆ ಬಿಟ್ಟು ಬಂದಾಗ ಮುದ್ರೆ ಬಿದ್ದಿತ್ತು. ತೊಳೆದಾಗಿದೆ ಅಂದ್ಕೊಂಡೆ. ಬೋರ್ಡು ಹಾಕಿದೆ.”

“ಇನ್ನೊಂದು ಸಲ ಹತ್ತಿ ಮೂಸಲಿಲ್ಲ?”

ಅವಳು ಸುಮ್ಮನಾದಳು. ಆ ಮೌನ ದುಃಖದ್ದೋ ಲೆಕ್ಕಾಚಾರದ್ದೋ, ಹದಿನಾರು ವರ್ಷ ಸುಳ್ಳುಗಾರರನ್ನೇ ನೋಡಿದ ನನಗೂ ಗೊತ್ತಾಗಲಿಲ್ಲ. ಆ ತಟ್ಟಿದ ಸದ್ದು ಒಂದೋ ಎರಡೋ ಅನ್ನುವುದನ್ನು ಕೇಳಿದ ಕಿವಿ ಲೋಕದಲ್ಲಿ ಎರಡೇ ಜೊತೆ. ಎರಡೂ ನನ್ನ ಎದುರು ಕೂತಿದ್ದವು. ಒಂದು ಸಲವೇ ತಟ್ಟಿದ್ದರೆ ಗಂಡನನ್ನು ಕೊಂದವಳು ಹೆಂಡತಿ. ಎರಡು ಸಲ ತಟ್ಟಿದ್ದರೆ ಮಗಳ ಗಂಡನನ್ನು ಕೊಂದವನು ಅಪ್ಪ.

ಹೊರಗೆ ಜೀಪು ನಿಂತ ಸದ್ದಾಯಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಇನ್ಸ್‌ಪೆಕ್ಟರ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ, ಹಾಲಿನ ನಾತಕ್ಕೆ ಮುಖ ಕಿವುಚಿದ, ಮೂವರನ್ನೂ ಒಮ್ಮೆ ನೋಡಿದ.

“ಆಯ್ತಾ ಮೇಡಂ ನಿಮ್ಮ ವಿಚಾರಣೆ? ಮುದುಕನ್ನ ಕರ್ಕೊಂಡು ಹೋಗ್ಲಾ?”

ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದ. ಐದು ನಿಮಿಷದ ಹಿಂದೆ ‘ಎಲ್ಲ ನಾನೇ ಮಾಡಿದ್ದು’ ಎಂದವನು. ಮಗಳು ಎದ್ದು ಅವನ ತೋಳು ಹಿಡಿಯಲು ಹೋದಳು, ಯಾಕೆ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಅವನು ಅವಳ ಕೈಯನ್ನು ಕೊಡವಿ ಹಾಕಿದ.

“ನಾನಲ್ಲ ಸ್ವಾಮಿ” ಎಂದು ಮಾವ ಬೆರಳು ಚಾಚಿ ಮಗಳನ್ನು ತೋರಿಸಿದ. “ಇವಳು.”